ಡೊಮೇನ್ ಕೊಳ್ಳುವ ಮೊದಲು ಎರಡನೇ ವರ್ಷದ ಬೆಲೆ ನೋಡಿ

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಡಿಸೈನಿಂಗ್ ಅಂಗಡಿ ಇದೆ. ವಿಸಿಟಿಂಗ್ ಕಾರ್ಡ್, ಮದುವೆ ಕಾಗದ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶದ ಆಮಂತ್ರಣ, ಫ್ಲೆಕ್ಸ್, ಇವೇ ಮುಖ್ಯ ಕೆಲಸ. ಈಚೆಗೆ ಕಾರ್ಡ್ ಮಾಡಿಸಲು ಬಂದವರೇ 'ಒಂದು ವೆಬ್‌ಸೈಟ್ ಕೂಡ ಮಾಡಿಕೊಡಿ' ಅನ್ನುತ್ತಾರೆ. ಮಲ್ಪೆಯ ಹೋಂಸ್ಟೇಯವರು, ಹಪ್ಪಳ ಸಂಡಿಗೆ ಮಾರುವವರು, ಅಡುಗೆಯ ಭಟ್ಟರು, ಮಂಗಳೂರಿನ ಹಂಪನಕಟ್ಟೆಯ ಚಪ್ಪಲಿ ಅಂಗಡಿಯವರು, ಎಲ್ಲರೂ ಕೇಳುತ್ತಾರೆ. ಹೀಗೆ ಬೇರೆಯವರಿಗಾಗಿ ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಕೊಂಡು, ರಿನ್ಯೂ ಮಾಡಿ, ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸಿ ಬಂದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಚೆನ್ನಾಗಿ ನಡೆದುಕೊಂಡ ಕಂಪನಿಗಳ ಹೆಸರು ಹೇಳುತ್ತೇನೆ. ತೊಂದರೆ ಕೊಟ್ಟವರ ಹೆಸರು ಬೇಡ. ಅವರ ಪದ್ಧತಿ ಗೊತ್ತಿದ್ದರೆ ಸಾಕು, ಬೇರೆ ಕಡೆ ಕಂಡಾಗಲೂ ಗುರುತು ಹಿಡಿಯಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಾಟ್ ಕಾಮ್ ಹೆಸರಿಗೆ, ತಾಂತ್ರಿಕ ಕೆಲಸ ನೋಡಿಕೊಳ್ಳುವವರು ಯಾರಾದರೂ ಜೊತೆಗಿದ್ದರೆ ಕ್ಲೌಡ್‌ಫ್ಲೇರ್ ಎಂಬ ಕಂಪನಿ. ಇಲ್ಲದಿದ್ದರೆ ಪೋರ್ಕ್‌ಬನ್. ಡಾಟ್ ಇನ್ ಹೆಸರಿಗೆ, ಆ ಹೆಸರುಗಳ ಪಟ್ಟಿ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಮಾನ್ಯತೆ ಇರುವ ಭಾರತದ ಕಂಪನಿ, ಅದರಲ್ಲೂ ಯುಪಿಐ ತೆಗೆದುಕೊಂಡು ಜಿಎಸ್‌ಟಿ ಬಿಲ್ ಕೊಡುವಂಥದ್ದು. ಯಾಕೆ ಅಂತ ಹೇಳಬೇಕಾದರೆ ಮೊದಲು ಈ ಬೆಲೆ ಎಲ್ಲಿಂದ ಬರುತ್ತದೆ ಎಂದು ನೋಡಬೇಕು.

ಡೊಮೇನ್ ಕೊಂಡೆ ಅನ್ನುತ್ತೇವೆ. ನಿಜಕ್ಕೂ ಅದು ವರ್ಷದ ಬಾಡಿಗೆ. ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿ ಇರುವುದು ಅಮೆರಿಕದ ವೆರಿಸೈನ್ ಕಂಪನಿಯ ಬಳಿ. ನಾವು ಯಾವ ರಿಜಿಸ್ಟ್ರಾರ್ ಹತ್ತಿರ, ಅಂದರೆ ಹೆಸರು ನೋಂದಾಯಿಸಿ ಕೊಡುವ ಕಂಪನಿಯ ಹತ್ತಿರ, ಹೋದರೂ, ಆ ರಿಜಿಸ್ಟ್ರಾರ್ ವೆರಿಸೈನ್‌ಗೆ ಒಂದು ಹೆಸರಿಗೆ ವರ್ಷಕ್ಕೆ ಇಷ್ಟು ಅಂತ ಕಟ್ಟಲೇಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ದರ 10.26 ಡಾಲರ್ ಆಯಿತು. ಅದರ ಮೇಲೆ ಐಕ್ಯಾನ್ ಎಂಬ ಸಂಸ್ಥೆಗೆ ಕೆಲವು ಸೆಂಟ್ ಹೋಗುತ್ತದೆ. 1998ರಲ್ಲಿ ಶುರುವಾದ ಈ ಐಕ್ಯಾನ್ ರಿಜಿಸ್ಟ್ರಾರ್‌ಗಳಿಗೆ ಮಾನ್ಯತೆ ಕೊಡುತ್ತದೆ, ನಿಯಮ ಮಾಡುತ್ತದೆ. ಎರಡೂ ಸೇರಿ ಆಗಿನ ಡಾಲರ್ ಲೆಕ್ಕದಲ್ಲಿ ಸುಮಾರು 900 ರೂಪಾಯಿ. ಇದು ಅಸಲು.

ಹಾಗಿದ್ದರೆ 'ಡಾಟ್ ಕಾಮ್ ಬರೀ 199' ಅನ್ನುವವರು ಹೇಗೆ ಕೊಡುತ್ತಾರೆ? ಉಳಿದದ್ದನ್ನು ತಾವೇ ಕೈಯಿಂದ ಹಾಕುತ್ತಾರೆ. ಆ ದುಡ್ಡನ್ನು ವಾಪಸ್ ಪಡೆಯಲು ಅವರಿಗೆ ಎರಡೇ ದಾರಿ. ಒಂದು, ಎರಡನೇ ವರ್ಷದಿಂದ ಜಾಸ್ತಿ ಬೆಲೆ. ಇನ್ನೊಂದು, ಕಾರ್ಟ್ ಪುಟದಲ್ಲಿ ಬೇರೆ ಸಾಮಾನು ಸೇರಿಸುವುದು. ಅಸಲಿಗಿಂತ ಕಡಿಮೆಗೆ ಮಾರುವ ಕಂಪನಿಯ ಪುಟದಲ್ಲಿ ಒತ್ತಾಯ ಇರುವುದು ಆಕಸ್ಮಿಕ ಅಲ್ಲ. ಅವರ ಲೆಕ್ಕವೇ ಹಾಗೆ ನಿಂತಿದೆ.

ಬ್ರಹ್ಮಾವರದ ಕಡೆಯ ಒಬ್ಬರು ಅಕ್ಕ ಹಪ್ಪಳ, ಸಂಡಿಗೆ, ಮಸಾಲೆ ಪುಡಿ ಮಾಡಿ ಮಾರುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಅವರಿಗೆ ಮುಂಬೈ, ಬೆಂಗಳೂರಿನಿಂದಲೂ ಆರ್ಡರ್ ಬರುತ್ತದೆ. ಅವರು ಜಾಹೀರಾತು ನೋಡಿ, ಮೊಬೈಲ್‌ನಲ್ಲೇ ಹೆಸರು ಹುಡುಕಿ, ದುಡ್ಡು ಕಟ್ಟುವ ಪುಟದವರೆಗೆ ಹೋಗಿದ್ದರು. ಕಾರ್ಡ್ ನಂಬರ್ ಹಾಕುವ ಮೊದಲು ಅಂಗಡಿಗೆ ಬಂದು ಮೊಬೈಲ್ ನನ್ನ ಕೈಗೆ ಕೊಟ್ಟರು. 'ಎಂತ ಮಾರಾಯ್ರೆ ಇದು, ಇನ್ನೂರು ಅಂತ ಹೇಳಿ ಆರು ಸಾವಿರ ತೋರಿಸ್ತದಲ್ಲ!'

ಇಬ್ಬರೂ ಕೂತು ಆ ಪುಟವನ್ನು ಒಂದೊಂದೇ ಸಾಲಾಗಿ ಬಿಚ್ಚಿ ನೋಡಿದೆವು. ಮೊದಲನೆಯದು ಅವಧಿ. ಅವರು ಕೇಳಿದ್ದು ಒಂದು ವರ್ಷಕ್ಕೆ, ಪುಟದಲ್ಲಿ 3 ವರ್ಷ ಎಂದು ಮೊದಲೇ ಆರಿಸಿ ಇಡಲಾಗಿತ್ತು. ಅದನ್ನು 1 ವರ್ಷಕ್ಕೆ ಇಳಿಸಿದೆವು. ತಕ್ಷಣ ಆಫರ್ ಬೆಲೆಯೇ ಮಾಯವಾಯಿತು. ಆಮೇಲೆ ಕೆಳಗಿನ ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು, ಆ ಇನ್ನೂರರ ಬೆಲೆ 3 ವರ್ಷಕ್ಕೆ ಕೊಂಡವರಿಗೆ ಮಾತ್ರ, ಅದೂ ಮೊದಲ ವರ್ಷಕ್ಕೆ ಮಾತ್ರ. ಉಳಿದ ಎರಡು ವರ್ಷಕ್ಕೆ ಅವರ ಮಾಮೂಲಿ ದರ, ಅದು ಅಸಲಿಗಿಂತ ಎಷ್ಟೋ ಮೇಲೆ.

ಎರಡನೆಯದು ಇಮೇಲ್. '30 ದಿನ ಉಚಿತ' ಎಂದು ಟಿಕ್ ಹಾಕಿಯೇ ಇತ್ತು. 30 ದಿನ ಆದ ಮೇಲೆ ಎಷ್ಟು ಅಂತ ನೋಡಲು ಇನ್ನೊಂದು ಪುಟಕ್ಕೆ ಹೋಗಬೇಕಿತ್ತು. ಮೂರನೆಯದು 'ಡೊಮೇನ್ ರಕ್ಷಣೆ'. ಅಲ್ಲಿ ದೊಡ್ಡ ಹಸಿರು ಬಟನ್, 'ರಕ್ಷಣೆಯೊಂದಿಗೆ ಮುಂದುವರಿಯಿರಿ' ಅಂತ. ಅದರ ಕೆಳಗೆ ಕಣ್ಣಿಗೆ ಕಾಣದ ಹಾಗೆ ಬೂದು ಬಣ್ಣದಲ್ಲಿ ಒಂದು ಸಾಲು: 'ಬೇಡ, ನನ್ನ ವಿವರ ಎಲ್ಲರಿಗೂ ಕಂಡರೂ ಪರವಾಗಿಲ್ಲ.' ಇಂಗ್ಲಿಷ್‌ನಲ್ಲಿದ್ದ ಆ ಸಾಲನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಕ್ಕನಿಗೆ ನಿಜಕ್ಕೂ ಹೆದರಿಕೆ ಆಯಿತು. 'ಹಾಗಾದ್ರೆ ಅದು ಇರಲಿ ಅಲ್ವಾ?' ಅಂದರು. ಹೆದರಿಸಿ ಮಾರುವುದು ಅಂದರೆ ಇದೇ. ಮೇಲುಗಡೆ ಒಂದು ಗಡಿಯಾರ ಬೇರೆ ಓಡುತ್ತಿತ್ತು, ಈ ಹೆಸರನ್ನು ನಿಮಗಾಗಿ ಇನ್ನು ಕೆಲವೇ ನಿಮಿಷ ಹಿಡಿದಿಟ್ಟಿದ್ದೇವೆ ಅಂತ. ಪುಟವನ್ನು ಮತ್ತೆ ತೆರೆದರೆ ಗಡಿಯಾರ ಮೊದಲಿನಿಂದ ಶುರು. ದುಡ್ಡು ಕಟ್ಟಿ ನೋಂದಣಿ ಆಗುವವರೆಗೆ ಹೆಸರು ಯಾರದ್ದೂ ಅಲ್ಲ, ಕಾರ್ಟ್‌ನಲ್ಲಿ ಕೂತ ಮಾತ್ರಕ್ಕೆ ಅದು ನಮ್ಮದಾಗಿ ಉಳಿಯುವುದಿಲ್ಲ. ಗಡಿಯಾರ ಇದ್ದದ್ದು ಸುಮ್ನೆ ನಮಗೆ ಗಡಿಬಿಡಿ ಮಾಡಿಸಲು.

ಇವೆಲ್ಲಕ್ಕೂ ನಮ್ಮ ದೇಶದಲ್ಲಿ ಈಗ ನಿಯಮ ಇದೆ ಎಂದು ತುಂಬಾ ಜನರಿಗೆ ಗೊತ್ತಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್, ಅಂದರೆ ಗಿರಾಕಿಯನ್ನು ದಾರಿ ತಪ್ಪಿಸುವ ಇಂಥ ತಂತ್ರಗಳನ್ನು, ತಡೆಯುವ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಇಂಥ 13 ಬಗೆಗಳನ್ನು ಹೆಸರಿಸಿದ್ದಾರೆ. ಕೇಳದ ಸಾಮಾನನ್ನು ಕಾರ್ಟ್‌ಗೆ ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು, 'ಬೇಡ' ಅನ್ನಲು ನಾಚಿಕೆಯೋ ಹೆದರಿಕೆಯೋ ಆಗುವಂತೆ ಬರೆಯುವುದು, ಬೆಲೆಯನ್ನು ಕೊನೆಗೆ ಸ್ವಲ್ಪ ಸ್ವಲ್ಪವೇ ಬಿಚ್ಚುವುದು, ಚಂದಾ ನಿಲ್ಲಿಸಲು ಬಿಡದಿರುವುದು, ಎಲ್ಲವೂ ಅಲ್ಲಿವೆ. ನಾವು ನೋಡಿದ ಒಂದೇ ಪುಟದಲ್ಲಿ ಇವುಗಳಲ್ಲಿ ಹಲವು ಸಿಕ್ಕವು. ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ದುಡ್ಡು ಹೋದ ಮೇಲೆ ಆ ಚಿತ್ರವೇ ಸಾಕ್ಷಿ.

ಅಕ್ಕ ಆ ಕಾರ್ಟ್ ಬಿಟ್ಟರು. ಆದರೆ ಖಾತೆ ತೆರೆಯುವಾಗ ಫೋನ್ ನಂಬರ್ ಕೊಟ್ಟಿದ್ದರಲ್ಲ, ಮರುದಿನದಿಂದ ಕರೆ ಶುರು. ಹಿಂದಿ, ಇಂಗ್ಲಿಷ್ ಬೆರೆಸಿ ಒಬ್ಬರು ಮಾತಾಡುತ್ತಿದ್ದರು. 'ಮೇಡಂ, ನಿಮ್ಮ ಹೆಸರನ್ನು ಬೇರೆಯವರು ತೆಗೆದುಕೊಂಡರೆ ನಿಮ್ಮ ವ್ಯಾಪಾರಕ್ಕೆ ಪೆಟ್ಟು' ಅನ್ನುವ ಧಾಟಿ. ಅಕ್ಕ ಹಪ್ಪಳ ಲಟ್ಟಿಸುತ್ತಿದ್ದ ಹೊತ್ತಿಗೇ ಫೋನು. ಕೊನೆಗೆ 'ನನ್ನ ಖಾತೆ ಅಳಿಸಿ' ಎಂದು ಇಮೇಲ್ ಬರೆದ ಮೇಲೆ ನಿಂತಿತು. ಈಗ ನಾನು ಯಾವ ಹೊಸ ರಿಜಿಸ್ಟ್ರಾರ್ ನೋಡುವಾಗಲೂ ಮೊದಲು ಒಂದು ಹೆಸರು ಹುಡುಕಿ, ಕಾರ್ಟ್‌ಗೆ ಹಾಕಿ, ದುಡ್ಡು ಕಟ್ಟುವ ಪುಟದ ತನಕ ಹೋಗಿ ನಿಲ್ಲುತ್ತೇನೆ. ಅಷ್ಟರೊಳಗೆ ಎಷ್ಟು ಸಲ 'ಬೇಡ' ಒತ್ತಬೇಕಾಯಿತು ಎಂದು ನೋಡುತ್ತೇನೆ. ಆ ಕಂಪನಿ ಮುಂದೆ ನಮ್ಮ ಗಿರಾಕಿಯ ಹತ್ತಿರ ಹೇಗೆ ಮಾತಾಡುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ.

ಇನ್ನು ಅವರು ಸೇರಿಸಲು ನೋಡುವ ಸಾಮಾನುಗಳ ವಿಷಯ. ಬೇಕಾ, ಬೇಡವಾ?

ಪ್ರೈವಸಿ ಅಂದರೆ ಹೆಸರಿನ ಒಡೆಯರ ಫೋನ್, ವಿಳಾಸ ಹೊರಗೆ ಕಾಣದಂತೆ ಮುಚ್ಚುವುದು. ಮೊದಲೆಲ್ಲ ಹೂಇಸ್ ಎಂಬ ಪಟ್ಟಿಯಲ್ಲಿ ಎಲ್ಲ ವಿವರವೂ ಯಾರಿಗೆ ಬೇಕಾದರೂ ಕಾಣುತ್ತಿತ್ತು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ಹೆಚ್ಚಿನ ರಿಜಿಸ್ಟ್ರಾರ್‌ಗಳು ವೈಯಕ್ತಿಕ ವಿವರವನ್ನು ತಾವಾಗಿಯೇ ಮುಚ್ಚುತ್ತಾರೆ. ಆ ಹಳೆಯ ಹೂಇಸ್ ಜಾಗಕ್ಕೆ 2025ರ ಜನವರಿಯಲ್ಲಿ ಆರ್‌ಡ್ಯಾಪ್ ಎಂಬ ಹೊಸ ವ್ಯವಸ್ಥೆ ಬಂತು. ಐಕ್ಯಾನ್‌ನ ಲುಕಪ್ ಪುಟದಲ್ಲಿ ನಿಮ್ಮ ಹೆಸರು ಹಾಕಿ ನೋಡಿ, ಏನು ಕಾಣುತ್ತದೆ ಎಂದು ತಿಳಿಯುತ್ತದೆ. ಒಳ್ಳೆಯ ಕಂಪನಿಗಳು ಪ್ರೈವಸಿಗೆ ದುಡ್ಡು ಕೇಳುವುದಿಲ್ಲ. ಡಾಟ್ ಇನ್ ಕತೆ ಬೇರೆ. ಅಲ್ಲಿ ಒಡೆಯರ ಹೆಸರು ಮುಚ್ಚಿ ಬೇರೆ ಹೆಸರು ತೋರಿಸುವ ಸೇವೆಗೆ ನಿಕ್ಸಿಯ ನಿಯಮದಲ್ಲಿ ಅವಕಾಶವೇ ಇಲ್ಲ. ಡಾಟ್ ಇನ್ ಜೊತೆಗೆ ಯಾರಾದರೂ ಅದನ್ನು ಮಾರಲು ಬಂದರೆ ಏನು ಕೊಡುತ್ತೀರಿ ಎಂದು ಬರವಣಿಗೆಯಲ್ಲಿ ಕೇಳಿ.

ಎಸ್‌ಎಸ್‌ಎಲ್‌ಗೆ, ಅಂದರೆ ಸೈಟಿಗೆ ಹೋಗಿಬರುವ ಮಾಹಿತಿಗೆ ಹಾಕುವ ಬೀಗಕ್ಕೆ, ಸಣ್ಣ ಅಂಗಡಿಯವರು ದುಡ್ಡು ಕೊಡಲೇಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರಿಂದ ಇದನ್ನು ಉಚಿತವಾಗಿ ಕೊಡುತ್ತಿದೆ. ಈಗ ಹೆಚ್ಚಿನ ಹೋಸ್ಟಿಂಗ್ ಕಂಪನಿಗಳು, ಅಂದರೆ ಸೈಟಿನ ಪುಟಗಳನ್ನು ಇಡಲು ಜಾಗ ಕೊಡುವವರು, ಅದನ್ನೇ ಹಾಕಿ ಕೊಡುತ್ತವೆ. ದುಡ್ಡು ಕೊಟ್ಟು ಕೊಂಡ ಬೀಗಕ್ಕೂ ಇದಕ್ಕೂ ನಿಮ್ಮ ಗಿರಾಕಿಯ ಮೊಬೈಲ್‌ನಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಇಮೇಲ್ ಕೆಲವರಿಗೆ ನಿಜಕ್ಕೂ ಬೇಕು. ಆದರೆ ರಿಜಿಸ್ಟ್ರಾರ್ ಹತ್ತಿರವೇ ಕೊಳ್ಳಬೇಕೆಂದಿಲ್ಲ. ಅಂಗಡಿಯ ಹೆಸರಿಗೆ ಬಂದ ಮೇಲ್ ನಿಮ್ಮ ಜಿಮೇಲ್‌ಗೆ ಬಂದು ಬಿದ್ದರೆ ಸಾಕು ಅನ್ನುವುದಾದರೆ ಫಾರ್ವರ್ಡಿಂಗ್ ಸಾಕು. ಅದನ್ನು ಕ್ಲೌಡ್‌ಫ್ಲೇರ್, ಪೋರ್ಕ್‌ಬನ್ ಎರಡೂ ಉಚಿತವಾಗಿ ಕೊಡುತ್ತವೆ. ಬಿಲ್ ಕಳಿಸುವುದು, ಕೊಟೇಶನ್ ಕಳಿಸುವುದು ಎಂದೆಲ್ಲ ಇದ್ದರೆ ಝೋಹೊ ಮೇಲ್‌ನಂಥ ಪ್ರತ್ಯೇಕ ಸೇವೆ ತೆಗೆದುಕೊಳ್ಳಿ. ನಾಳೆ ರಿಜಿಸ್ಟ್ರಾರ್ ಬದಲಿಸಿದರೂ ಹಳೆಯ ಮೇಲ್‌ಗಳು ಅಲ್ಲೇ ಇರುತ್ತವೆ. 'ಸೈಟ್ ಸೆಕ್ಯೂರಿಟಿ', ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ತೋರಿಸುತ್ತೇವೆ ಅನ್ನುವ 'ಎಸ್‌ಇಒ ಪ್ಯಾಕ್' ಎಂಬುವು ನಾಲ್ಕು ಪುಟದ ಸೈಟಿಗೆ ಬೇಡವೇ ಬೇಡ.

ಒಂದೇ ಒಂದು ವಿಷಯದಲ್ಲಿ ಜಾಸ್ತಿ ಹೆಸರು ಕೊಳ್ಳಿ ಎಂದು ನಾನೇ ಗಿರಾಕಿಗಳಿಗೆ ಹೇಳುತ್ತೇನೆ. ಕಾರ್ಟ್‌ನಲ್ಲಿ ಅವರು ಡಾಟ್ ನೆಟ್, ಡಾಟ್ ಶಾಪ್, ಡಾಟ್ ಆನ್‌ಲೈನ್ ತೋರಿಸುತ್ತಾರೆ. ಅವು ಬೇಡ. ಡಾಟ್ ಶಾಪ್, ಡಾಟ್ ಆನ್‌ಲೈನ್ ಮೊದಲ ವರ್ಷ ತೀರಾ ಅಗ್ಗ, ರಿನ್ಯೂ ಮಾಡುವಾಗ ಡಾಟ್ ಕಾಮ್‌ಗಿಂತ ದುಬಾರಿ. ಬೇಕಾದದ್ದು ಬೇರೆ ಸ್ಪೆಲಿಂಗ್. ಲಕ್ಷ್ಮಿ ಎಂಬ ಹೆಸರನ್ನು ಕೆಲವರು ಎಕ್ಸ್ ಹಾಕಿ ಬರೆಯುತ್ತಾರೆ, ಕೆಲವರು ಕೆ ಎಸ್ ಎಚ್ ಹಾಕುತ್ತಾರೆ. ಶ್ರೀ ಅನ್ನುವುದಕ್ಕಂತೂ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆ. ಕಿವಿಯಲ್ಲಿ ಕೇಳಿದ ಹಾಗೆ ಟೈಪ್ ಮಾಡುವ ಗಿರಾಕಿ ದಾರಿ ತಪ್ಪುವುದು ಇಲ್ಲೇ. ಮಂಗಳೂರಿನ ಹೆಸರೇ ಇಂಗ್ಲಿಷಿನಲ್ಲಿ 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬದಲಾಯಿತು. ಹಳೆಯ ಸ್ಪೆಲಿಂಗ್ ಈಗಲೂ ಜನರ ಬೆರಳಿನಲ್ಲಿ ಇದೆ, ಊರಿನ ಹೆಸರು ಸೇರಿಸಿ ಡೊಮೇನ್ ಕೊಳ್ಳುವವರಿಗೆ ಎರಡೂ ಬೇಕು. ಎರಡನೆಯ ಹೆಸರನ್ನು ಮೊದಲನೆಯದಕ್ಕೆ ತಿರುಗಿಸಿಬಿಟ್ಟರೆ ಆಯಿತು, ಇನ್ನೊಂದು ಸೈಟ್ ಮಾಡಬೇಕಿಲ್ಲ. ಯಾವ ಕಂಪನಿಯ ಕಾರ್ಟ್ ಪುಟವೂ ಈ ಸಲಹೆಯನ್ನು ನನಗೆ ಕೊಟ್ಟದ್ದಿಲ್ಲ.

ಈಗ ನಾನು ಬಳಸುತ್ತಿರುವ ಎರಡು ಕಂಪನಿಗಳ ವಿಷಯ. ಕ್ಲೌಡ್‌ಫ್ಲೇರ್ 2018ರಲ್ಲಿ ರಿಜಿಸ್ಟ್ರಾರ್ ಕೆಲಸಕ್ಕೆ ಇಳಿಯಿತು. ಮೂಲ ದರ, ಐಕ್ಯಾನ್ ಶುಲ್ಕ, ಇಷ್ಟೇ ತೆಗೆದುಕೊಳ್ಳುತ್ತದೆ. ಮೇಲೆ ಲಾಭ ಸೇರಿಸುವುದಿಲ್ಲ. ಮೊದಲ ವರ್ಷವೂ ಅದೇ ಬೆಲೆ, ಐದನೇ ವರ್ಷವೂ ಅದೇ ಲೆಕ್ಕ. ವೆರಿಸೈನ್ ಅಥವಾ ಐಕ್ಯಾನ್ ಏರಿಸಿದರೆ ಮಾತ್ರ ಏರುತ್ತದೆ. ಕಾರ್ಟ್‌ನಲ್ಲಿ ಇಮೇಲ್, ಸೆಕ್ಯೂರಿಟಿ ಎಂದು ಯಾವ ಉಪದ್ರವೂ ಇಲ್ಲ. ಒಂದು ಮಿತಿ ಇದೆ. ಅಲ್ಲಿ ಹೆಸರು ಇಟ್ಟರೆ ಅವರದ್ದೇ ನೇಮ್‌ಸರ್ವರ್, ಅಂದರೆ ಹೆಸರು ಹಾಕಿದವರಿಗೆ ಸೈಟ್ ಎಲ್ಲಿದೆ ಎಂದು ದಾರಿ ತೋರಿಸುವ ಕಂಪ್ಯೂಟರ್, ಬಳಸಬೇಕು. ಡಿಎನ್‌ಎಸ್, ಅಂದರೆ ಈ ದಾರಿ ತೋರಿಸುವ ವ್ಯವಸ್ಥೆ, ಗೊತ್ತಿದ್ದವರಿಗೆ ಅದು ದೊಡ್ಡ ವಿಷಯ ಅಲ್ಲ, ಅವರ ಡಿಎನ್‌ಎಸ್ ಒಳ್ಳೆಯದೇ ಇದೆ. ಆದರೆ ಪುಟ ತೆರೆದ ಕೂಡಲೇ ಕಾಣುವ ಪಟ್ಟಿಗಳೆಲ್ಲ ತಾಂತ್ರಿಕ ಮಾತುಗಳು. ಅಂಗಡಿಯವರೇ ಒಳಹೋಗಿ ನೋಡುವುದಾದರೆ ಅವರಿಗೆ ತಲೆಬಿಸಿ ಆಗುತ್ತದೆ.

ಅಂಥವರಿಗೆ ನಾನು ಪೋರ್ಕ್‌ಬನ್ ಹೇಳುತ್ತೇನೆ. ಅಮೆರಿಕದ ಒರೆಗಾನ್ ರಾಜ್ಯದ ಕಂಪನಿ. ಹೆಸರು ಹುಡುಕಿದ ಕೂಡಲೇ ಮೊದಲ ವರ್ಷದ ಬೆಲೆಯ ಜೊತೆಗೇ ರಿನ್ಯೂ ಬೆಲೆಯನ್ನೂ ತೋರಿಸುತ್ತಾರೆ. ನನಗೆ ಇದೊಂದೇ ಸಾಕು, ಅವರನ್ನು ನಂಬಲು. ಡಾಟ್ ಕಾಮ್ ಅಸಲಿಗಿಂತ ತುಸು ಮೇಲೆ, 11 ಡಾಲರ್ ಆಸುಪಾಸು. ಪ್ರೈವಸಿ, ಎಸ್‌ಎಸ್‌ಎಲ್, ಮೇಲ್ ಫಾರ್ವರ್ಡಿಂಗ್ ಎಲ್ಲ ಅದರಲ್ಲೇ ಸೇರಿದೆ. ಹೋಸ್ಟಿಂಗ್ ಬೇಕಾ ಎಂದು ಕೇಳುತ್ತಾರೆ, ಆದರೆ ಒಮ್ಮೆ ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಬ್ರಹ್ಮಾವರದ ಅಕ್ಕನ ಹೆಸರು ಈಗ ಅಲ್ಲಿದೆ. ಅವರೇ ಖಾತೆ ತೆರೆದರು, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಕೊರತೆ ಏನೆಂದರೆ ಕನ್ನಡದಲ್ಲಿ ಮಾತಾಡುವವರು ಯಾರೂ ಇಲ್ಲ, ಬಿಲ್ ಡಾಲರ್‌ನಲ್ಲಿ ಬರುತ್ತದೆ.

ಡಾಟ್ ಇನ್ ಪಟ್ಟಿ ನೋಡಿಕೊಳ್ಳುವುದು ನಿಕ್ಸಿ, ಭಾರತದ್ದೇ ಸಂಸ್ಥೆ. ಮಾನ್ಯತೆ ಇರುವ ರಿಜಿಸ್ಟ್ರಾರ್‌ಗಳ ಪಟ್ಟಿ ಅವರ ವೆಬ್‌ಸೈಟ್‌ನಲ್ಲಿ ಇದೆ, ಅಲ್ಲಿಂದಲೇ ಆರಿಸಿ. ಕೆಲವು ಕಡೆ ಗುರುತಿನ ದಾಖಲೆ ಕೇಳುತ್ತಾರೆ, ಅದಕ್ಕೆ ಗಾಬರಿ ಬೇಡ. ಭಾರತದ ಕಂಪನಿಯಾದರೆ ಯುಪಿಐ ನಡೆಯುತ್ತದೆ, ಜಿಎಸ್‌ಟಿ ನಂಬರ್ ಹಾಕಿದ ಬಿಲ್ ಸಿಗುತ್ತದೆ. ಹಂಪನಕಟ್ಟೆಯ ಅಂಗಡಿಯವರಿಗೆ ಇದೇ ಮುಖ್ಯ ಆಗಿತ್ತು. 18 ಶೇಕಡಾ ತೆರಿಗೆಯನ್ನು ಅವರ ಆಡಿಟರ್ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಕಾರ್ಟ್ ಪುಟವನ್ನು ಇಲ್ಲಿ ಎರಡು ಸಲ ಓದಬೇಕು. ಜಾಹೀರಾತಿನ ಬೆಲೆಯಲ್ಲಿ ಸಾಮಾನ್ಯವಾಗಿ ತೆರಿಗೆ ಸೇರಿರುವುದಿಲ್ಲ.

ಯಾವ ಕಂಪನಿ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಹೆಸರು ಯಾರ ಖಾತೆಯಲ್ಲಿ ಇದೆ? ನಮ್ಮ ಜಿಲ್ಲೆಯಲ್ಲಿ ನಾನು ಕಂಡ ಅತಿ ದೊಡ್ಡ ರಗಳೆ ಇದರದ್ದೇ. ಮಲ್ಪೆ ಹತ್ತಿರದ ಒಂದು ಹೋಂಸ್ಟೇಗೆ ಸೈಟ್ ಮಾಡಿಕೊಟ್ಟ ಹುಡುಗ ಡೊಮೇನ್ ಅನ್ನು ತನ್ನ ಇಮೇಲ್‌ನಲ್ಲೇ ಕೊಂಡಿದ್ದ. ಆಮೇಲೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದ. ರಿನ್ಯೂ ನೆನಪಿಸುವ ಮೇಲ್‌ಗಳು ಅವನ ಹಳೆಯ ಇಮೇಲ್‌ಗೆ ಬರುತ್ತಿದ್ದವು, ಅವನು ಅದನ್ನು ತೆರೆಯುತ್ತಲೇ ಇರಲಿಲ್ಲ. ಡಿಸೆಂಬರ್‌ನಲ್ಲಿ, ಬೀಚಿಗೆ ಜನ ತುಂಬುವ ಹೊತ್ತಿಗೆ, ಸೈಟ್ ನಿಂತಿತು. ಹೋಂಸ್ಟೇಯ ಯಜಮಾನರು ನನ್ನ ಹತ್ತಿರ ಬಂದಾಗ ಅವರ ಕೈಯಲ್ಲಿ ಇದ್ದದ್ದು ಹಳೆಯ ವಿಸಿಟಿಂಗ್ ಕಾರ್ಡ್ ಒಂದೇ. ಯಾವ ಕಂಪನಿಯಲ್ಲಿ ಕೊಂಡದ್ದು ಎಂದೂ ಅವರಿಗೆ ಗೊತ್ತಿರಲಿಲ್ಲ.

ಲುಕಪ್ ಪುಟದಲ್ಲಿ ಹೆಸರು ಹಾಕಿದಾಗ ರಿಜಿಸ್ಟ್ರಾರ್ ಯಾರು, ಅವಧಿ ಯಾವತ್ತು ಮುಗಿಯಿತು ಎಂದು ಸಿಕ್ಕಿತು. ಈ ದಿನಗಳ ಲೆಕ್ಕ ಗೊತ್ತಿರಬೇಕು. ಡಾಟ್ ಕಾಮ್ ಅವಧಿ ಮುಗಿದ ಕೂಡಲೇ ಕೈ ತಪ್ಪುವುದಿಲ್ಲ. ಕಂಪನಿಯ ನಿಯಮ ನೋಡಿಕೊಂಡು ಹೆಚ್ಚೆಂದರೆ 45 ದಿನದವರೆಗೆ ಮಾಮೂಲಿ ಬೆಲೆಗೆ ರಿನ್ಯೂ ಮಾಡಲು ಬಿಡಬಹುದು. ಕೆಲವರು ಅಷ್ಟು ದಿನ ಕೊಡುವುದಿಲ್ಲ. ಅದು ದಾಟಿದರೆ 30 ದಿನದ ರಿಡೆಂಪ್ಷನ್, ಆಗ ರಿನ್ಯೂ ಬೆಲೆಯ ಮೇಲೆ ದೊಡ್ಡ ದಂಡ ಕೇಳುತ್ತಾರೆ. ಅದೂ ಮುಗಿದರೆ 5 ದಿನ ಯಾರಿಗೂ ಸಿಗದ ಹಾಗೆ ನಿಂತು, ಕೊನೆಗೆ ಯಾರು ಬೇಕಾದರೂ ಕೊಳ್ಳಬಹುದು. ಒಳ್ಳೆಯ ಹೆಸರುಗಳನ್ನು ಹರಾಜಿಗೆ ಇಡುವ ಕಂಪನಿಗಳೂ ಇವೆ.

ಯಜಮಾನರ ಅದೃಷ್ಟ, ರಿಡೆಂಪ್ಷನ್ ಇನ್ನೂ ಶುರುವಾಗಿರಲಿಲ್ಲ. ಹುಡುಗನಿಗೆ ಕೆಟ್ಟ ಉದ್ದೇಶವೂ ಇರಲಿಲ್ಲ. ಫೋನ್ ಮಾಡಿದಾಗ 'ಸರ್, ಈಗಲೇ ನೋಡ್ತೇನೆ' ಎಂದು ಅದೇ ಸಂಜೆ ರಿನ್ಯೂ ಮಾಡಿ, ಯಜಮಾನರ ಹೆಸರಿನ ಖಾತೆಗೆ ಬಿಟ್ಟುಕೊಟ್ಟ. ಎಲ್ಲರೂ ಹೀಗೆ ಇರುವುದಿಲ್ಲ. ಖಾತೆ ತೆರೆಯುವಾಗ ನಿಮ್ಮದೇ ಇಮೇಲ್ ಕೊಡಿ, ನಿಮ್ಮದೇ ಹೆಸರು, ನಿಮ್ಮದೇ ಫೋನ್. ಆ ಇಮೇಲ್ ಈ ಡೊಮೇನ್‌ನದ್ದೇ ಆಗಿರಬಾರದು, ಯಾಕೆಂದರೆ ಡೊಮೇನ್ ನಿಂತ ದಿನ ಆ ಇಮೇಲ್ ಕೂಡ ನಿಲ್ಲುತ್ತದೆ. ಸೈಟ್ ಮಾಡುವವರಿಗೆ, ನನ್ನನ್ನೂ ಸೇರಿಸಿ, ಬೇಕಾದಷ್ಟು ಪ್ರವೇಶ ಮಾತ್ರ ಕೊಡಿ. ಕೊಂಡ ಹೊಸದರಲ್ಲಿ ಇಮೇಲ್ ಖಚಿತಪಡಿಸಿ ಎಂದು ಒಂದು ಸಂದೇಶ ಬರುತ್ತದೆ, ಅದನ್ನು 15 ದಿನದೊಳಗೆ ಒತ್ತದಿದ್ದರೆ ಹೆಸರು ಸ್ಥಗಿತ ಆಗುತ್ತದೆ. ಅದು ನಿಜವಾದ ಸಂದೇಶ. 'ಚೀನಾದಲ್ಲಿ ಯಾರೋ ನಿಮ್ಮ ಕಂಪನಿ ಹೆಸರನ್ನು ನೋಂದಾಯಿಸುತ್ತಿದ್ದಾರೆ, ಬೇಗ ಉತ್ತರಿಸಿ' ಎಂದು ಬರುವ ಮೇಲ್ ಮಾತ್ರ ಮೋಸದ್ದು. ಬೇರೆ ಕಂಪನಿಯ ಹೆಸರಲ್ಲಿ ಬರುವ ರಿನ್ಯೂ ಬಿಲ್ ಕೂಡ ಹಾಗೆಯೇ. ದುಡ್ಡು ಕಟ್ಟಬೇಕಾದದ್ದು ನಿಮ್ಮ ರಿಜಿಸ್ಟ್ರಾರ್‌ಗೆ ಮಾತ್ರ.

ಈಗ ಇರುವ ಕಂಪನಿ ಸರಿಬರದಿದ್ದರೆ ಬಿಟ್ಟು ಹೋಗಬಹುದು. ಹೊಸದಾಗಿ ಕೊಂಡ ಡಾಟ್ ಕಾಮ್ ಆದರೆ ಸಾಮಾನ್ಯವಾಗಿ 60 ದಿನ ಕಾಯಬೇಕು. ಆಮೇಲೆ ಖಾತೆಯಲ್ಲಿ ಹೆಸರು ಬೇರೆ ಕಡೆ ಹೋಗದಂತೆ ಹಾಕಿರುವ ಲಾಕ್ ತೆಗೆದು, ಸಾಗಿಸಲು ಬೇಕಾದ ಪಾಸ್‌ವರ್ಡ್‌ನಂಥ ಆಥ್ ಕೋಡ್ ಪಡೆದು, ಹೊಸ ಕಂಪನಿಯಲ್ಲಿ ಹಾಕಿದರೆ ಆಯಿತು. ಹೊಸ ಕಡೆ ಒಂದು ವರ್ಷದ ದುಡ್ಡು ಕಟ್ಟುತ್ತೀರಿ, ಆ ವರ್ಷ ಹಳೆಯ ಅವಧಿಗೆ ಸೇರುತ್ತದೆ. ಹಾಗಾಗಿ ಸಾಗಿಸುವ ಖರ್ಚು ಅಂತ ಪ್ರತ್ಯೇಕ ಏನೂ ಇಲ್ಲ. ಹಂಪನಕಟ್ಟೆ ಅಂಗಡಿಯವರ ಡಾಟ್ ಕಾಮ್ ಸಾಗಿಸುವಾಗ ಹಳೆಯ ಕಂಪನಿ ಕೋಡ್ ಬಟನ್ ಜಾಗದಲ್ಲಿ 'ನಮ್ಮ ತಜ್ಞರ ಜೊತೆ ಮಾತಾಡಿ' ಎಂದು ಇಟ್ಟಿತ್ತು. ಚಾಟ್‌ಗೆ ಹೋದರೆ ರಿಯಾಯಿತಿ ಕೊಡುತ್ತೇವೆ, ಯಾಕೆ ಹೋಗುತ್ತೀರಿ, ಅಲ್ಲಿ ಸುರಕ್ಷತೆ ಇಲ್ಲ ಎಂದು ಮಾತಿನ ಮೇಲೆ ಮಾತು. ನಾನು ಅಲ್ಲಿ ಬರೆದದ್ದು ಇಷ್ಟೇ: ಐಕ್ಯಾನ್ ನಿಯಮದ ಪ್ರಕಾರ ಕೇಳಿದ 5 ದಿನದೊಳಗೆ ಕೋಡ್ ಕೊಡಬೇಕು, ದಯವಿಟ್ಟು ಕೊಡಿ. ಕೋಡ್ ಬಂತು. ಕೋಡ್ ಹಾಕಿದ ಮೇಲೆ ಹಳೆಯ ಕಂಪನಿಯಿಂದ 'ಹೋಗುವುದು ನಿಜವೇ' ಎಂದು ಮೇಲ್ ಬರುತ್ತದೆ. ಅದಕ್ಕೆ ಉತ್ತರಿಸದೆ ಹಾಗೇ ಬಿಟ್ಟರೂ 5 ದಿನದಲ್ಲಿ ಕೆಲಸ ಮುಗಿಯುತ್ತದೆ. ರದ್ದು ಮಾಡುವ ಕೊಂಡಿಯನ್ನು ಮಾತ್ರ ಒತ್ತಬೇಡಿ. ಸಾಗಿಸುವ ಸ್ವಲ್ಪ ಮೊದಲು ಒಡೆಯರ ಹೆಸರು, ಇಮೇಲ್ ಬದಲಿಸಲು ಹೋಗಬೇಡಿ, ಕೆಲವು ಕಡೆ ಅದಕ್ಕೂ 60 ದಿನದ ಬೀಗ ಬೀಳುತ್ತದೆ. ಹಳೆಯ ಕಂಪನಿಯ ಡಿಎನ್‌ಎಸ್ ಬಳಸುತ್ತಿದ್ದರೆ ಅಲ್ಲಿನ ದಾಖಲೆಗಳನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಸೈಟ್ ಮತ್ತು ಮೇಲ್ ಎರಡೂ ನಿಲ್ಲಬಹುದು.

ಇವತ್ತು ಒಳ್ಳೆಯದಾಗಿರುವ ಕಂಪನಿ ನಾಳೆಯೂ ಹಾಗೇ ಇರುತ್ತದೆ ಅನ್ನಲು ಆಗುವುದಿಲ್ಲ. ಗೂಗಲ್ ಡೊಮೇನ್ಸ್ ಅನ್ನು ಎಷ್ಟೋ ಜನ ಮೆಚ್ಚಿಕೊಂಡಿದ್ದರು, 2023ರಲ್ಲಿ ಗೂಗಲ್ ಅದನ್ನು ಸ್ಕ್ವೇರ್‌ಸ್ಪೇಸ್‌ಗೆ ಮಾರಿಬಿಟ್ಟಿತು. ಅದಕ್ಕೇ ನಾನು ಡೊಮೇನ್ ಮತ್ತು ಹೋಸ್ಟಿಂಗ್ ಎರಡನ್ನೂ ಒಂದೇ ಕಡೆ ಇಡುವುದಿಲ್ಲ. 'ಹೋಸ್ಟಿಂಗ್ ಕೊಂಡರೆ ಡೊಮೇನ್ ಉಚಿತ' ಎಂಬುದನ್ನೂ ಗಿರಾಕಿಗಳಿಗೆ ಬೇಡ ಅನ್ನುತ್ತೇನೆ. ಒಂದು ಕೈಕೊಟ್ಟರೆ ಇನ್ನೊಂದಾದರೂ ನಮ್ಮ ಹಿಡಿತದಲ್ಲಿ ಇರಬೇಕು.

ಕೊನೆಗೆ ದುಡ್ಡು ಕಟ್ಟುವ ವಿಷಯ. ವಿದೇಶಿ ಕಂಪನಿಗೆ ಕಟ್ಟಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತಾರಾಷ್ಟ್ರೀಯ ಬಳಕೆಯನ್ನು ಆನ್ ಮಾಡಬೇಕು, ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಡಾಲರ್ ಬದಲಾವಣೆಗೆ ಬ್ಯಾಂಕ್ ಸ್ವಲ್ಪ ಹಿಡಿಯುತ್ತದೆ. ಆಟೋ ರಿನ್ಯೂ ಇದೆ ಎಂದು ನೆಮ್ಮದಿಯಿಂದ ಕೂರಬೇಡಿ. ತಾನಾಗಿ ಕಡಿತ ಆಗುವ ಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಂದಿನಿಂದ ವಿದೇಶಿ ಕಂಪನಿಗಳ ಆಟೋ ಪಾವತಿ ನಮ್ಮ ಕಾರ್ಡ್‌ಗಳಲ್ಲಿ ಎಷ್ಟೋ ಸಲ ನಡೆಯುವುದೇ ಇಲ್ಲ. ವ್ಯಾಪಾರ ನಿಂತಿರುವುದೇ ಆ ಹೆಸರಿನ ಮೇಲೆ ಅನ್ನುವವರಿಗೆ ನಾನು ಕೈಯಾರೆ 5 ವರ್ಷಕ್ಕೆ ಕಟ್ಟಿಸುತ್ತೇನೆ. ಡಾಟ್ ಕಾಮ್‌ಗೆ 10 ವರ್ಷದವರೆಗೂ ಕಟ್ಟಬಹುದು. ರಿನ್ಯೂ ಬೆಲೆ ಪ್ರಾಮಾಣಿಕವಾಗಿರುವ ಕಡೆ ಹೀಗೆ ಒಟ್ಟಿಗೆ ಕಟ್ಟುವುದು ಲಾಭವೇ, ನಡುವೆ ದರ ಏರಿದರೂ ನಮಗೆ ತಟ್ಟುವುದಿಲ್ಲ. ಮುಗಿಯುವ ತಾರೀಕನ್ನು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬರೆದು, ಮೊಬೈಲ್‌ನಲ್ಲಿ ಒಂದು ತಿಂಗಳು ಮೊದಲಿನ ದಿನಕ್ಕೆ ರಿಮೈಂಡರ್ ಇಡಿ. ಆಗ ಕಾರ್ಡ್ ನಡೆಯದಿದ್ದರೂ ಬ್ಯಾಂಕಿಗೆ ಹೋಗಿ ಸರಿಮಾಡಿಸಿಕೊಳ್ಳಲು ಸಮಯ ಸಿಗುತ್ತದೆ.